ಕೆರೆ ಏರಿ ಒಡೆಯುವ ಮುನ್ನ ಕೊಡುವ ಸೂಚನೆಗಳು

ಅಣೆಕಟ್ಟು ಎಂದೊಡನೆ ನಮಗೆ ನೆನಪಾಗುವುದು ಕನ್ನಂಬಾಡಿ, ತುಂಗಭದ್ರಾ, ಆಲಮಟ್ಟಿ. ಗೇಟು ತೆರೆದಾಗ ಧುಮ್ಮಿಕ್ಕುವ ನೀರನ್ನು ನೋಡಲು ಜನ ಬಸ್ಸು ಹತ್ತಿ ಹೋಗುತ್ತಾರೆ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅವುಗಳ ನೀರಿನ ಮಟ್ಟವನ್ನು ಪ್ರಕಟಿಸುತ್ತವೆ. ಆದರೆ ಕರ್ನಾಟಕದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಅಣೆಕಟ್ಟುಗಳು ಇವಲ್ಲ. ನಮ್ಮ ಊರುಗಳ ಕೆರೆ ಏರಿಗಳೇ ಆ ಅಣೆಕಟ್ಟುಗಳು. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಹರಿದು ಹೋಗುವ ಮಳೆನೀರಿಗೆ ಅಡ್ಡಲಾಗಿ ಮಣ್ಣಿನ ದಿಬ್ಬ ಹಾಕಿ ನಿಲ್ಲಿಸಿದರೆ ಅದು ಕೆರೆ. ಆ ದಿಬ್ಬವನ್ನು ಇಂಜಿನಿಯರುಗಳು ಮಣ್ಣಿನ ಅಣೆಕಟ್ಟು ಎನ್ನುತ್ತಾರೆ, ನಾವು ಏರಿ ಎನ್ನುತ್ತೇವೆ.

ದೊಡ್ಡ ಅಣೆಕಟ್ಟಿಗೆ ಇಂಜಿನಿಯರುಗಳಿದ್ದಾರೆ, ಅಳತೆಯ ಉಪಕರಣಗಳಿವೆ, ರಾತ್ರಿ ಪಾಳಿಯ ಕಾವಲಿದೆ. ಊರ ಕೆರೆಯ ಏರಿಗೆ ಹೆಚ್ಚಿನ ಕಡೆ ಇವು ಯಾವುವೂ ಇಲ್ಲ. ಅದರ ಮೇಲೆ ನಾವು ಸೈಕಲ್ಲಿನಲ್ಲಿ ಕಾಲೇಜಿಗೆ ಬರುತ್ತೇವೆ, ದನ ಹೊಡೆದುಕೊಂಡು ಹೋಗುತ್ತೇವೆ, ಸಂಜೆ ಗಾಳಿಗೆ ಕೂರುತ್ತೇವೆ. ಏರಿಯ ಕೆಳಗೆ ಗದ್ದೆ, ತೋಟ, ಈಗೀಗ ಬಡಾವಣೆಗಳೂ ಇವೆ. ಏರಿ ಒಡೆದರೆ ಆ ನೀರು ಹೋಗುವುದು ಅವುಗಳ ಮೇಲೆಯೇ.

ಸಮಾಧಾನದ ಮಾತೆಂದರೆ ಮಣ್ಣಿನ ಏರಿ ಸಾಮಾನ್ಯವಾಗಿ ಸೂಚನೆ ಕೊಡದೆ ಒಡೆಯುವುದಿಲ್ಲ. ಆ ಸೂಚನೆಗಳನ್ನು ಓದಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಪಿಯುಸಿಯ ಭೌತಶಾಸ್ತ್ರ ಮತ್ತು ತೆರೆದ ಕಣ್ಣು ಸಾಕು. ಅವು ಯಾವುವು, ಏಕೆ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಏರಿ, ತೂಬು, ಕೋಡಿ

ಕೆರೆಗೆ ಮೂರು ಮುಖ್ಯ ಅಂಗಗಳಿವೆ. ಮೊದಲನೆಯದು ನೀರನ್ನು ತಡೆದು ನಿಲ್ಲಿಸುವ ಏರಿ. ಎರಡನೆಯದು ಅಚ್ಚುಕಟ್ಟಿನ ಗದ್ದೆಗಳಿಗೆ ಬೇಕಾದಷ್ಟು ನೀರು ಬಿಡುವ ತೂಬು. ಮೂರನೆಯದು ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿಯೇ ಹೊರಹೋಗುವ ಕೋಡಿ. ಇವುಗಳಲ್ಲಿ ಏರಿ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಏರಿಯ ಪ್ರಾಣ ಉಳಿದೆರಡರ ಕೈಯಲ್ಲಿದೆ. ತೂಬು ಕೆಟ್ಟರೆ ಏರಿ ಒಳಗಿನಿಂದ ಹಾಳಾಗುತ್ತದೆ. ಕೋಡಿ ಕಟ್ಟಿಕೊಂಡರೆ ಏರಿ ಮೇಲಿನಿಂದ ಕೊಚ್ಚಿಹೋಗುತ್ತದೆ.

ಪ್ರಪಂಚದಾದ್ಯಂತ ಒಡೆದ ಮಣ್ಣಿನ ಅಣೆಕಟ್ಟುಗಳನ್ನು ಲೆಕ್ಕ ಹಾಕಿದರೆ ಹೆಚ್ಚಿನವು ಒಡೆದದ್ದು ಈ ಎರಡು ದಾರಿಗಳಲ್ಲೇ. ಒಂದು, ಏರಿಯ ಒಳಗೆ ನೀರು ದಾರಿ ಮಾಡಿಕೊಂಡು ಮಣ್ಣನ್ನು ಹೊತ್ತೊಯ್ಯುವುದು. ಇನ್ನೊಂದು, ಏರಿಯ ತಲೆಯ ಮೇಲೆ ನೀರು ಹರಿಯುವುದು.

ಒತ್ತಡ ಮತ್ತು ಏರಿಯ ಅಗಲ

ನೀರಿನ ಒತ್ತಡದ ಸೂತ್ರ ನಮಗೆಲ್ಲ ಗೊತ್ತು: ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಆಳ, ಈ ಮೂರರ ಗುಣಲಬ್ಧ. ಕೆರೆ ಎಷ್ಟು ಎಕರೆ ಹರಡಿದೆ ಎಂಬುದು ಈ ಸೂತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಐದು ಮೀಟರ್ ಆಳದ ಪುಟ್ಟ ಕೆರೆಯ ತಳದಲ್ಲಿರುವ ನೀರಿನ ಒತ್ತಡವೂ ಐದು ಮೀಟರ್ ಆಳದ ದೊಡ್ಡ ಕೆರೆಯ ತಳದಲ್ಲಿರುವ ಒತ್ತಡವೂ ಒಂದೇ. 1000 × 9.8 × 5 ಎಂದು ಗುಣಿಸಿದರೆ 49,000 ಪ್ಯಾಸ್ಕಲ್ ಬರುತ್ತದೆ. ಸುಲಭದ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಚದರ ಮೀಟರಿನ ಮೇಲೆ ಸುಮಾರು ಐದು ಟನ್ ಭಾರ. ಆದ್ದರಿಂದ ‘ಇದು ಚಿಕ್ಕ ಕೆರೆ, ಏನೂ ಆಗುವುದಿಲ್ಲ’ ಎಂಬ ಮಾತನ್ನು ಭೌತಶಾಸ್ತ್ರ ಒಪ್ಪುವುದಿಲ್ಲ.

ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದಲೇ ಏರಿಯ ಬುಡ ಅಗಲ, ತಲೆ ಕಿರಿದು. ಆರು ಮೀಟರ್ ಎತ್ತರದ ಒಂದು ಏರಿಯನ್ನು ಊಹಿಸಿಕೊಳ್ಳಿ. ತಲೆಯ ಅಗಲ ಮೂರು ಮೀಟರ್. ನೀರಿನ ಕಡೆಯ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಎರಡೂವರೆ ಮೀಟರ್, ಹೊರಗಿನ ಇಳಿಜಾರು ಎರಡು ಮೀಟರ್ ಎಂದಿಟ್ಟುಕೊಂಡರೆ ಬುಡದ ಅಗಲ 30 ಮೀಟರ್ ಆಗುತ್ತದೆ. ಇಷ್ಟು ಅಗಲ ಏಕೆ ಬೇಕು? ಮಣ್ಣು ಜಾರದೆ ನಿಲ್ಲಲು ಒಂದು. ಇನ್ನೊಂದು ಕಾರಣವನ್ನು 1856ರಲ್ಲಿ ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ ಪ್ರಯೋಗ ಮಾಡಿ ತೋರಿಸಿದರು. ಮರಳಿನ ಮೂಲಕ ಹರಿಯುವ ನೀರಿನ ವೇಗವು ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಾದಂತೆ ಹೆಚ್ಚುತ್ತದೆ, ಸಾಗಬೇಕಾದ ದಾರಿ ಉದ್ದವಾದಂತೆ ಕಡಿಮೆಯಾಗುತ್ತದೆ. ಅಗಲವಾದ ಬುಡ ಎಂದರೆ ನೀರಿಗೆ ಉದ್ದವಾದ ದಾರಿ. ಯಾರಾದರೂ ಏರಿಯ ಬುಡದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರೆ ಅವರು ಕದಿಯುತ್ತಿರುವುದು ಮಣ್ಣನ್ನಷ್ಟೇ ಅಲ್ಲ, ಆ ದಾರಿಯ ಉದ್ದವನ್ನೂ ಕೂಡ.

ತಿಳಿನೀರೋ, ಕೆಸರುನೀರೋ?

ಸೋರದ ಮಣ್ಣಿನ ಏರಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಜೇಡಿಮಣ್ಣನ್ನು ಎಷ್ಟೇ ಒತ್ತಿ ಕಟ್ಟಿದರೂ ಕಣಗಳ ನಡುವೆ ಸೂಕ್ಷ್ಮ ಸಂದುಗಳು ಇದ್ದೇ ಇರುತ್ತವೆ. ಕೆರೆ ತುಂಬಿದಾಗ ಏರಿಯ ಹಿಂಬದಿಯ ಬುಡದಲ್ಲಿ ನೆಲ ತೇವವಾಗುವುದು, ಅಲ್ಲಿ ಹಸಿರು ಹುಲ್ಲು ಬೆಳೆಯುವುದು, ಸಣ್ಣಗೆ ನೀರು ಜಿನುಗುವುದು ಸಹಜ. ಇದನ್ನು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು. ನೀರು ತಿಳಿಯಾಗಿದೆಯೇ, ಕೆಸರಾಗಿದೆಯೇ? ಕೆರೆಯ ಮಟ್ಟ ಅಷ್ಟೇ ಇದ್ದರೂ ಜಿನುಗು ಹೆಚ್ಚುತ್ತಿದೆಯೇ? ಹಿಂದೆ ಒಣಗಿದ್ದ ಜಾಗದಲ್ಲಿ ಹೊಸದಾಗಿ ಬಂದಿದೆಯೇ?

ತಿಳಿನೀರು ಬಂದರೆ ನೀರು ಮಾತ್ರ ಹೊರಬರುತ್ತಿದೆ ಎಂದರ್ಥ. ಕೆಸರುನೀರು ಬಂದರೆ ಏರಿಯೇ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಿದೆ ಎಂದರ್ಥ. ನೀರು ಹೊರಬರುವ ಬಾಯಿಯಲ್ಲಿ ಮೊದಲು ಕೆಲವು ಕಣಗಳು ಕೊಚ್ಚಿಹೋಗುತ್ತವೆ. ಆಗ ಅಲ್ಲಿ ಸಣ್ಣ ಪೊಳ್ಳು ಉಂಟಾಗುತ್ತದೆ. ಪೊಳ್ಳು ಉಂಟಾದಷ್ಟೂ ನೀರು ಸಾಗಬೇಕಾದ ದಾರಿ ಕಿರಿದಾಗುತ್ತದೆ, ವೇಗ ಹೆಚ್ಚುತ್ತದೆ, ಇನ್ನಷ್ಟು ಕಣಗಳು ಹೋಗುತ್ತವೆ. ಹೀಗೆ ಹಿಂಬದಿಯಿಂದ ಕೆರೆಯ ಕಡೆಗೆ ಒಂದು ಕೊಳವೆ ಬೆಳೆಯುತ್ತಾ ಬರುತ್ತದೆ. ಅದು ಕೆರೆಯ ನೀರನ್ನು ಮುಟ್ಟಿದ ಮೇಲೆ ಉಳಿಯುವುದು ಕೆಲವೇ ಗಂಟೆಗಳು.

ಎಷ್ಟು ಗಂಟೆಗಳು ಎಂಬುದಕ್ಕೆ ಅಮೆರಿಕದ ಐಡಹೋ ರಾಜ್ಯದ ಟೀಟನ್ ಅಣೆಕಟ್ಟು ಉದಾಹರಣೆ. ಸುಮಾರು 93 ಮೀಟರ್ ಎತ್ತರದ ಹೊಚ್ಚಹೊಸ ಮಣ್ಣಿನ ಅಣೆಕಟ್ಟು ಅದು. ಮೊದಲ ಬಾರಿಗೆ ನೀರು ತುಂಬಿಸುತ್ತಿದ್ದಾಗ, 1976ರ ಜೂನ್ 5ರ ಬೆಳಿಗ್ಗೆ ಅದರ ಹಿಂಬದಿಯಲ್ಲಿ ಕೆಸರುನೀರಿನ ಸೋರಿಕೆ ಕಾಣಿಸಿತು. ರಂಧ್ರ ಮುಚ್ಚಲು ಕಳಿಸಿದ ಬುಲ್ಡೋಜರುಗಳೇ ಅದರೊಳಗೆ ಜಾರಿದವು. ಮಧ್ಯಾಹ್ನ ಹನ್ನೆರಡು ಹೊಡೆಯುವ ಮುನ್ನ ಅಣೆಕಟ್ಟು ಒಡೆಯಿತು. ಹನ್ನೊಂದು ಜನ ಸತ್ತರು. ಅಷ್ಟು ದೊಡ್ಡ ಅಣೆಕಟ್ಟಿನಿಂದ ಬಂದ ಪ್ರವಾಹಕ್ಕೆ ಇದು ಕಡಿಮೆ ಸಂಖ್ಯೆಯೇ. ಒಡೆದದ್ದು ಹಗಲು ಹೊತ್ತಿನಲ್ಲಿ, ಸೋರಿಕೆ ಜನರ ಕಣ್ಣಿಗೆ ಬಿದ್ದಿತ್ತು, ಕೆಳಗಿನ ಊರುಗಳಿಗೆ ಮುಂಚೆಯೇ ಎಚ್ಚರಿಕೆ ಹೋಗಿತ್ತು ಎಂಬುದು ಅದಕ್ಕೆ ಕಾರಣ.

ಏರಿಯಲ್ಲಿ ಇಂಥ ಕೊಳವೆ ಹುಟ್ಟುವ ಸಾಧ್ಯತೆ ಅತಿ ಹೆಚ್ಚಿರುವುದು ತೂಬಿನ ಪಕ್ಕದಲ್ಲಿ. ತೂಬಿನ ಕಲ್ಲು ಅಥವಾ ಸಿಮೆಂಟ್ ಪೈಪು ಏರಿಯನ್ನು ಅಡ್ಡಕ್ಕೆ ಸೀಳಿಕೊಂಡು ಹೋಗುತ್ತದೆ. ಗಟ್ಟಿ ಕಲ್ಲಿಗೂ ಮೆತ್ತನೆಯ ಮಣ್ಣಿಗೂ ನಡುವೆ ಸಂದು ಬಿಡುವುದು ಸುಲಭ. ತೂಬಿನ ಬಾಗಿಲು ಮುಚ್ಚಿದ್ದರೂ ಹೊರಗಿನ ಬಾಯಿಯ ಅಕ್ಕಪಕ್ಕ ನೀರು ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪರೀಕ್ಷೆ ಸರಳ. ಆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದ್ದರೆ ವಿಷಯ ತಿಳಿಸಬೇಕಾದವರಿಗೆ ಅಂದೇ ತಿಳಿಸಬೇಕು. ನೀರು ಕಣ್ಣಿಗೇ ಕೆಸರಾಗಿ ಕಂಡರೆ ಬೆಳಗಿನ ತನಕ ಕಾಯುವ ಮಾತೇ ಇಲ್ಲ.

ಕೋಡಿ ಕಟ್ಟಿಕೊಂಡರೆ

ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಬಾಗಿನ ಕೊಡುತ್ತಾರೆ, ಮಕ್ಕಳು ಮೀನು ಹಿಡಿಯುತ್ತಾರೆ. ಆದರೆ ಕೋಡಿ ಸರಿಯಾಗಿ ಹರಿಯದ ದಿನ ಅದೇ ಊರಿಗೆ ಗಂಡಾಂತರ.

ಒಂದು ಲೆಕ್ಕ ಮಾಡೋಣ. ಕೆರೆಗೆ ನೀರು ಬರುವ ಜಲಾನಯನ ಪ್ರದೇಶ ಎರಡು ಚದರ ಕಿಲೋಮೀಟರ್ ಇದೆ. ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಂದು, ಅದರಲ್ಲಿ ಅರ್ಧ ಇಂಗಿ ಅರ್ಧ ಹರಿದು ಬಂತು ಎನ್ನೋಣ. ಅಂದರೆ ಒಂದು ಲಕ್ಷ ಘನ ಮೀಟರ್, ಅಥವಾ ಹತ್ತು ಕೋಟಿ ಲೀಟರ್ ನೀರು. ಕೆರೆಯ ನೀರು ಹತ್ತು ಹೆಕ್ಟೇರ್ ಹರಡಿದ್ದರೆ, ಕೋಡಿ ಮುಚ್ಚಿಕೊಂಡಿದ್ದ ಪಕ್ಷದಲ್ಲಿ ಮಟ್ಟ ಒಂದೇ ರಾತ್ರಿಯಲ್ಲಿ ಒಂದು ಮೀಟರ್ ಏರುತ್ತದೆ. ತುಂಬಿದ ಕೆರೆಯ ನೀರಿಗೂ ಏರಿಯ ತಲೆಗೂ ನಡುವೆ ಬಿಡುವ ಜಾಗ ಅನೇಕ ಸಣ್ಣ ಕೆರೆಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದೂ ಏರಿ ಕಟ್ಟಿದ ದಿನದ ಅಳತೆ. ವರ್ಷಗಳಲ್ಲಿ ಏರಿ ಕುಗ್ಗಿ, ಗಾಡಿ ಓಡಾಡಿ ಎಲ್ಲೋ ಒಂದು ಕಡೆ ತಗ್ಗಾಗಿರುತ್ತದೆ. ನೀರು ಮೊದಲು ಹುಡುಕುವುದು ಆ ತಗ್ಗನ್ನೇ.

ಕಲ್ಲಿನ ಅಣೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೆ ಅದು ತಡೆದುಕೊಂಡೀತು. ಮಣ್ಣಿನ ಏರಿ ತಡೆದುಕೊಳ್ಳುವುದಿಲ್ಲ. ಹಿಂಬದಿಯ ಇಳಿಜಾರಿನಲ್ಲಿ ವೇಗವಾಗಿ ಇಳಿಯುವ ನೀರು ಮಣ್ಣನ್ನು ಕೊರೆದು ಕಾಲುವೆ ಮಾಡುತ್ತದೆ. ಆ ಕಾಲುವೆ ಹಿಂದಕ್ಕೆ ಸರಿದು ಏರಿಯ ತಲೆಯನ್ನೇ ಕತ್ತರಿಸುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛೂ-2 ಅಣೆಕಟ್ಟಿನಲ್ಲಿ ಆದದ್ದು ಇದೇ. ಹೊರಬಿಡಬಹುದಾದ ಪ್ರಮಾಣಕ್ಕಿಂತ ಬಹಳ ಹೆಚ್ಚು ನೀರು ಬಂದು, ಎರಡೂ ಬದಿಯ ಮಣ್ಣಿನ ಭಾಗಗಳ ಮೇಲೆ ಹರಿದು ಅವನ್ನು ಕೊಚ್ಚಿಕೊಂಡು ಹೋಯಿತು. ಮೋರ್ಬಿ ಪಟ್ಟಣದಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತರು. 2021ರ ನವೆಂಬರ್ 19ರಂದು ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಏರಿಯೂ ಹೀಗೆಯೇ ಕೊಚ್ಚಿಹೋಯಿತು. ಅದರ ಐದು ಗೇಟುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ ಎಂದು ಆಗ ವರದಿಯಾಗಿತ್ತು.

ನಮ್ಮ ಊರುಗಳಲ್ಲಿ ಕೋಡಿ ಕಟ್ಟಿಕೊಳ್ಳಲು ದೊಡ್ಡ ಕಾರಣಗಳೇ ಬೇಕಿಲ್ಲ. ಕಸ, ಕತ್ತೆಕಿವಿ ಗಿಡ, ಮುರಿದು ಬಿದ್ದ ಮರ, ಮೀನು ಹೊರಹೋಗದಂತೆ ಅಡ್ಡ ಕಟ್ಟಿದ ಬಲೆ ಸಾಕು. ಬಲೆಯಲ್ಲಿ ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಅದು ಗೋಡೆಯೇ ಆಗುತ್ತದೆ. ಇನ್ನೊಂದು ಅಭ್ಯಾಸ ಇದಕ್ಕಿಂತ ಅಪಾಯಕಾರಿ: ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಪೇರಿಸುವುದು, ಕಲ್ಲು ಕಟ್ಟುವುದು. ಅರ್ಧ ಮೀಟರ್ ಹೆಚ್ಚು ನೀರು ಸಿಗುತ್ತದೆ ನಿಜ. ಆದರೆ ದೊಡ್ಡ ಮಳೆಯ ರಾತ್ರಿಗಾಗಿ ಇಟ್ಟ ಜಾಗದಲ್ಲಿ ಅರ್ಧ ಹೋಗುತ್ತದೆ. ಕೋಡಿಯಿಂದ ಮುಂದಿನ ಹಳ್ಳವನ್ನು ಒತ್ತುವರಿ ಮಾಡಿ ಮನೆ ಕಟ್ಟಿದರೂ ಫಲ ಒಂದೇ. ನೀರಿಗೆ ಹೋಗಲು ಜಾಗವಿಲ್ಲದಿದ್ದರೆ ಅದು ಹಿಂದೆ ನಿಲ್ಲುತ್ತದೆ.

ಮರ, ಇಲಿ, ಏಡಿ

ಏರಿಯ ಮೇಲೆ ಹುಲ್ಲು ಒಳ್ಳೆಯದು. ಅದರ ಬೇರು ಮೇಲ್ಮಣ್ಣನ್ನು ಹಿಡಿದಿಡುತ್ತದೆ, ಮಳೆಹನಿ ಮಣ್ಣನ್ನು ಕೊರೆಯದಂತೆ ತಡೆಯುತ್ತದೆ. ದೊಡ್ಡ ಮರ ಒಳ್ಳೆಯದಲ್ಲ. ಪರಿಸರ ದಿನದಂದು ಏರಿಯ ಮೇಲೆ ಸಸಿ ನೆಡುವ ಉತ್ಸಾಹ ನಮಗಿರುತ್ತದೆ, ಆದರೆ ಏರಿ ಅದಕ್ಕೆ ಜಾಗವಲ್ಲ. ಆಲ, ಅರಳಿಯ ಬೇರು ಏರಿಯೊಳಗೆ ಮೀಟರುಗಟ್ಟಲೆ ಇಳಿಯುತ್ತದೆ. ಮರ ಸತ್ತಾಗ ಬೇರು ಕೊಳೆತು ಅದರ ಜಾಗದಲ್ಲಿ ಸಿದ್ಧ ಕೊಳವೆ ಉಳಿಯುತ್ತದೆ. ಗಾಳಿಗೆ ಮರ ಉರುಳಿದರೆ ಬುಡದ ಜೊತೆ ಏರಿಯ ಒಂದು ತುಂಡೇ ಕಿತ್ತುಬರುತ್ತದೆ. ಹಾಗೆಂದು ಆಗಲೇ ಬೆಳೆದು ನಿಂತಿರುವ ದೊಡ್ಡ ಮರವನ್ನು ಏಕಾಏಕಿ ಕಡಿಯುವುದೂ ಸರಿಯಲ್ಲ, ಏಕೆಂದರೆ ಉಳಿದ ಬೇರು ಒಳಗೇ ಕೊಳೆಯುತ್ತದೆ. ನೀರು ಕಡಿಮೆ ಇರುವಾಗ, ತಿಳಿದವರ ಸಲಹೆಯಂತೆ ಬೇರು ತೆಗೆದು, ಗುಂಡಿಗೆ ಮಣ್ಣು ತುಂಬಿ ದಮ್ಮಸು ಮಾಡಬೇಕು. ಸಸಿ ಸಣ್ಣದಿರುವಾಗಲೇ ಕಿತ್ತರೆ ಈ ಕೆಲಸ ಐದು ನಿಮಿಷದ್ದು.

ಹೆಗ್ಗಣ, ಮುಳ್ಳುಹಂದಿ, ಏಡಿ ಮಾಡುವ ಬಿಲಗಳೂ ಹೀಗೆಯೇ. ನೀರಿನ ಕಡೆಯಿಂದ ಒಂದು ಬಿಲ, ಹಿಂಬದಿಯಿಂದ ಇನ್ನೊಂದು ಬಿಲ ಹತ್ತಿರ ಬಂದರೆ ಮೂವತ್ತು ಮೀಟರ್ ದಾರಿ ಮೂರೇ ಮೀಟರ್ ಆಗಿಬಿಡುತ್ತದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟೊಂದು 2019ರ ಜುಲೈ 2ರ ರಾತ್ರಿ ಒಡೆದು, ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಆಗಿನ ಸಚಿವರೊಬ್ಬರು ಏಡಿಗಳು ಕೊರೆದದ್ದೇ ಕಾರಣ ಎಂದು ಹೇಳಿದ್ದು ದೇಶದಾದ್ಯಂತ ಸುದ್ದಿಯಾಯಿತು, ನಗೆಗೂ ಗುರಿಯಾಯಿತು. ಅಲ್ಲಿ ಸೋರಿಕೆಯಿದೆ ಎಂದು ಮೊದಲೇ ದೂರು ಕೊಟ್ಟಿದ್ದೆವು ಎಂದು ಊರಿನವರು ಹೇಳಿದರು. ಏಡಿ ಏರಿಯಲ್ಲಿ ತೂತು ಮಾಡುವುದು ಸುಳ್ಳೇನಲ್ಲ. ಆದರೆ ಏಡಿಯ ತೂತನ್ನು ನೋಡಿ ಮುಚ್ಚುವ ಕೆಲಸ ಏಡಿಯದ್ದಲ್ಲ.

ಬಿರುಕು ಮತ್ತು ಕುಸಿತ

ಬೇಸಿಗೆಯಲ್ಲಿ, ಅದರಲ್ಲೂ ಕಪ್ಪುಮಣ್ಣಿನ ಸೀಮೆಯಲ್ಲಿ, ಏರಿಯ ಮೇಲೆ ಬಿರುಕು ಬಿಡುವುದು ಸಾಮಾನ್ಯ. ಎಲ್ಲ ಬಿರುಕುಗಳೂ ಒಂದೇ ಅಲ್ಲ. ಬೆರಳುದ್ದ ಆಳದ ಒಣ ಬಿರುಕು ಮೊದಲ ಮಳೆಗೆ ಮುಚ್ಚಿಕೊಳ್ಳುತ್ತದೆ. ಏರಿಯನ್ನು ಅಡ್ಡಕ್ಕೆ ದಾಟುವ ಆಳದ ಬಿರುಕು ಅಪಾಯಕಾರಿ, ಏಕೆಂದರೆ ಅದು ಕೆರೆಯ ಕಡೆಯಿಂದ ಹೊರಗಿನ ಕಡೆಗೆ ನೇರ ದಾರಿ. ಏರಿಯ ಉದ್ದಕ್ಕೆ ಬಿಲ್ಲಿನಂತೆ ಬಾಗಿದ ಬಿರುಕು ಬಂದು ಅದರ ಒಂದು ಬದಿ ತಗ್ಗಿದ್ದರೆ ಇಳಿಜಾರು ಜಾರಲು ಆರಂಭಿಸಿದೆ ಎಂದರ್ಥ. ತುಂಬಿದ ಕೆರೆಯ ನೀರನ್ನು ಬಹಳ ವೇಗವಾಗಿ ಇಳಿಸಿದರೂ ಒಳಬದಿ ಜಾರಬಹುದು. ಹೊರಗಿನ ನೀರು ಇಳಿದರೂ ಮಣ್ಣಿನೊಳಗೆ ತುಂಬಿದ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಅದರ ಭಾರ ಮತ್ತು ಒತ್ತಡ ಮಣ್ಣನ್ನು ಹೊರಕ್ಕೆ ದೂಡುತ್ತವೆ.

ನೀರಿನ ಕಡೆಯ ಕಲ್ಲುಹಾಸು ಅಲೆಗಳ ಹೊಡೆತ ತಡೆಯಲು ಇರುವುದು. ಅಲ್ಲಿಂದ ಕಲ್ಲು ಕಿತ್ತು ಮನೆಯ ಕಾಂಪೌಂಡಿಗೆ ಸಾಗಿಸಿದರೆ ಎರಡು ಮಳೆಗಾಲದಲ್ಲಿ ಅಲ್ಲಿ ಗುಹೆಯಂಥ ಕೊರೆತ ಕಾಣುತ್ತದೆ.

ದುರಸ್ತಿ ಮಾಡುವಾಗ ಜೆಸಿಬಿಯಿಂದ ಒಣಮಣ್ಣು ಸುರಿದು ಮಟ್ಟ ಮಾಡಿದರೆ ಅದು ದುರಸ್ತಿಯಲ್ಲ. ಸಡಿಲ ಮಣ್ಣನ್ನು ತೆಗೆದು, ಹಳೆಯ ಮಣ್ಣಿಗೆ ಮೆಟ್ಟಿಲಿನಂತೆ ಕಚ್ಚು ಕೊಟ್ಟು, ಒಂದು ಗೇಣಿಗಿಂತ ದಪ್ಪವಾಗದ ಪದರಗಳಲ್ಲಿ ಹದವಾದ ತೇವದ ಮಣ್ಣು ಹಾಕಿ, ಪ್ರತಿ ಪದರವನ್ನೂ ಒತ್ತಬೇಕು. ಕೈಯಲ್ಲಿ ಹಿಡಿದು ಹಿಸುಕಿದರೆ ಉಂಡೆಯಾಗಬೇಕು, ಬೆರಳಿಗೆ ಕೆಸರು ಅಂಟಬಾರದು; ಅದೇ ಹದ.

ಹೂಳೆತ್ತುವಾಗ

ಹೂಳೆತ್ತುವುದು ಒಳ್ಳೆಯ ಕೆಲಸ. ಆದರೆ ಏರಿಯ ಬುಡದಲ್ಲೇ ಆಳವಾಗಿ ಅಗೆಯುವುದು ಕೆಟ್ಟ ಕೆಲಸ. ಶತಮಾನಗಳಿಂದ ಕೂತ ನುಣುಪು ಹೂಳು ಏರಿಯ ಬುಡದಲ್ಲಿ ಜಮಖಾನೆಯಂತೆ ಹಾಸಿಕೊಂಡು ನೀರು ಅಡಿಯಿಂದ ನುಸುಳದಂತೆ ತಡೆಯುತ್ತಿರುತ್ತದೆ. ಅದನ್ನು ಕಿತ್ತರೆ ಕೆಳಗಿನ ಮರಳಿನ ಪದರ ಬಯಲಾಗಬಹುದು. ಜೊತೆಗೆ ಇಳಿಜಾರಿನ ಕಾಲನ್ನೇ ಕತ್ತರಿಸಿದಂತೆ ಆಗುತ್ತದೆ. ಆದ್ದರಿಂದ ಏರಿಯಿಂದ ಸಾಕಷ್ಟು ದೂರ ಬಿಟ್ಟು ಅಗೆಯಬೇಕು. ಏರಿಯನ್ನೇ ಕಡಿದು ಪೈಪು ಹಾಕುವುದು, ದಾರಿ ಮಾಡುವುದು ಇಲಾಖೆಯ ಇಂಜಿನಿಯರರ ಒಪ್ಪಿಗೆಯಿಲ್ಲದೆ ಕೂಡದು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ, ಏರಿಯನ್ನು ಅಗೆದದ್ದೇ ಕಾರಣ ಎಂದು ವರದಿಯಾಗಿತ್ತು. ಅಂದು ಮಳೆ ಕಾರಣವಾಗಿರಲಿಲ್ಲ.

ಕಾವಲು ಯಾರದು?

ಈ ಜ್ಞಾನ ಹೊಸದೇನಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳ ಎಂಬ ಊರಿನಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ರಾಜಕುಮಾರ ಭಾಸ್ಕರ ಎಂಬಾತ ಅಲ್ಲಿ ಕೆರೆ ಕಟ್ಟಿಸಿದಾಗ ಹಾಕಿಸಿದ್ದು ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಇರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಆ ದೋಷಗಳಲ್ಲಿ ಒಂದು, ಕಟ್ಟೆಯಿಂದ ನೀರು ಸೋರುವುದು. ಆರೂವರೆ ಶತಮಾನದ ಹಿಂದೆ ಕಲ್ಲಿನ ಮೇಲೆ ಕೆತ್ತಿದ್ದನ್ನೇ ಇಂದಿನ ಪಠ್ಯಪುಸ್ತಕಗಳೂ ಹೇಳುತ್ತವೆ.

ಕನ್ನಡ ಶಾಸನಗಳಲ್ಲಿ ‘ಕೆರೆಗೊಡಗೆ’, ‘ಬಿತ್ತುವಟ್ಟ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಕೆಲಸಕ್ಕಾಗಿ ಬಿಟ್ಟ ಭೂಮಿ ಮತ್ತು ಆದಾಯ ಅವು. ಅಂದರೆ ಕಟ್ಟಿಸಿದವರು ಕಟ್ಟಿ ಮರೆಯಲಿಲ್ಲ. ಪ್ರತಿವರ್ಷದ ರಿಪೇರಿಗೆ ಹಣ ಎಲ್ಲಿಂದ ಬರಬೇಕು ಎಂದೂ ಬರೆಸಿದರು. ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ತೆರೆಯುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು ಅವನ ಕೆಲಸ. ಅದಕ್ಕಾಗಿ ದಿನವೂ ಏರಿಯ ಮೇಲೆ ನಡೆಯುತ್ತಿದ್ದ. ಕೊಳವೆಬಾವಿಗಳು ಬಂದ ಮೇಲೆ ತೂಬಿನ ನೀರಿಗೆ ಬೇಡಿಕೆ ಇಳಿಯಿತು, ಅನೇಕ ಊರುಗಳಲ್ಲಿ ನೀರುಗಂಟಿಯ ಕೆಲಸವೂ ನಿಂತಿತು. ಅವನೊಂದಿಗೆ ಏರಿಯನ್ನು ದಿನವೂ ನೋಡುತ್ತಿದ್ದ ಎರಡು ಕಣ್ಣುಗಳೂ ಹೋದವು.

ಕಾನೂನು ಆ ಜಾಗವನ್ನು ತುಂಬಿಲ್ಲವೇ? ಸಂಸತ್ತು 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಅಂಗೀಕರಿಸಿತು. ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ, ತುರ್ತು ಯೋಜನೆ ಎಲ್ಲವೂ ಅದರಲ್ಲಿವೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು ಉದ್ದ, ಸಾಮರ್ಥ್ಯದಂಥ ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೆ. ನಮ್ಮ ಊರಿನ ಬಹುಪಾಲು ಕೆರೆಗಳು ಈ ಅಳತೆಗಿಂತ ಚಿಕ್ಕವು. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ಹೊಣೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಹೊಣೆ. ಒಬ್ಬ ಇಂಜಿನಿಯರ್ ಎಷ್ಟೋ ಕೆರೆಗಳನ್ನು ನೋಡಿಕೊಳ್ಳಬೇಕಾದಾಗ ಪ್ರತಿ ಏರಿಯ ಮೇಲೆ ಪ್ರತಿ ವಾರ ನಡೆಯುವುದು ಅವರಿಂದ ಆಗದ ಮಾತು. ಅದು ಆಗುವುದು ಅಲ್ಲೇ ಓಡಾಡುವವರಿಂದ.

ಯಾವಾಗ, ಏನು ನೋಡಬೇಕು?

ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ: ಕೋಡಿ ಮತ್ತು ಅದರ ಮುಂದಿನ ಹಳ್ಳ ಸ್ವಚ್ಛವಾಗಿದೆಯೇ? ತೂಬಿನ ಬಾಗಿಲು ಮೇಲೆ ಕೆಳಗೆ ಸರಾಗವಾಗಿ ಆಡುತ್ತದೆಯೇ? ಏರಿಯ ತಲೆಯಲ್ಲಿ ತಗ್ಗು, ಆಳದ ಬಿರುಕು, ಬಿಲ, ಹೊಸ ಸಸಿ ಇವೆಯೇ? ಪೊದೆ ಬೆಳೆದಿದ್ದರೆ ಕಡಿಯಬೇಕು, ಇಲ್ಲದಿದ್ದರೆ ಯಾವುದೂ ಕಾಣುವುದಿಲ್ಲ.

ಕೆರೆ ತುಂಬಿರುವಾಗ: ಹಿಂಬದಿಯ ಬುಡದಲ್ಲಿ ನಡೆದು ಜಿನುಗು ನೋಡಬೇಕು. ಒಂದು ಗೂಟ ನೆಟ್ಟು ಜಿನುಗು ಎಲ್ಲಿಯವರೆಗಿದೆ ಎಂದು ಗುರುತು ಮಾಡಿ, ತಾರೀಖು ಬರೆದಿಟ್ಟುಕೊಂಡರೆ ಮುಂದಿನ ವಾರ ಹೋಲಿಸಬಹುದು. ಅದೇ ಜಾಗದಿಂದ ಪ್ರತಿ ಬಾರಿಯೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯುವುದು ಇನ್ನೂ ಸುಲಭ. ಮಲೆನಾಡಿಗೆ ಜುಲೈ, ಆಗಸ್ಟ್ ಮುಖ್ಯ. ಕೋಲಾರ, ತುಮಕೂರಿನಂಥ ಬಯಲುಸೀಮೆಯಲ್ಲಿ ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತಗಳು ಮುಖ್ಯ.

ಮಳೆಗಾಲ ಮುಗಿದ ಮೇಲೆ: ಕೊರಕಲು, ಕಿತ್ತ ಕಲ್ಲುಹಾಸು, ಜಾರಿದ ಜಾಗಗಳ ಪಟ್ಟಿ ಮಾಡಿ ಗ್ರಾಮ ಪಂಚಾಯತಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಅಪಾಯ ಕಂಡಾಗ

ಕೆಸರುನೀರು ಚಿಮ್ಮುತ್ತಿದ್ದರೆ, ಏರಿಯ ತಲೆ ಕುಸಿಯುತ್ತಿದ್ದರೆ, ನೀರು ತಲೆಗೆ ಒಂದು ಗೇಣು ಮಾತ್ರ ಉಳಿದಿದ್ದರೆ ಮೊದಲ ಕೆಲಸ ರಿಪೇರಿಯಲ್ಲ. ಏರಿಯ ಕೆಳಗಿನ ಮನೆಗಳಿಗೆ ಸುದ್ದಿ ಮುಟ್ಟಿಸುವುದು ಮೊದಲ ಕೆಲಸ. ಮಸೀದಿ, ದೇವಸ್ಥಾನಗಳ ಧ್ವನಿವರ್ಧಕಗಳು ಇಂಥ ಹೊತ್ತಿಗೆ ಒದಗುತ್ತವೆ. ಜೊತೆಗೆ 112ಕ್ಕೆ ಕರೆ ಮಾಡಬೇಕು. ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ತಹಶೀಲ್ದಾರ್ ಇಬ್ಬರಿಗೂ ತಿಳಿಸಬೇಕು.

ದೊಡ್ಡವರು ಬಂದು ಕೆಲಸಕ್ಕಿಳಿದಾಗ ನೆನಪಿಡಬೇಕಾದ್ದು ಒಂದಿದೆ. ಹಿಂಬದಿಯಲ್ಲಿ ನೀರು ಬರುವ ತೂತಿಗೆ ಜೇಡಿಮಣ್ಣು ಗಿಡಿದು ಮುಚ್ಚಬಾರದು. ನೀರು ನಿಲ್ಲುವುದಿಲ್ಲ, ಏರಿಯೊಳಗೆ ಒತ್ತಡ ಹೆಚ್ಚಿ ಇನ್ನೊಂದು ಕಡೆ ಒಡೆದು ಬರುತ್ತದೆ. ಅದರ ಬದಲು ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಬೇಕು. ಆಗ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ನಮ್ಮ ಪ್ರಯೋಗಾಲಯದ ಸೋಸುಕಾಗದದ ತತ್ವವೇ ಇದು. ನೆಲದಿಂದ ನೀರು ಬುಗ್ಗೆಯಂತೆ ಉಕ್ಕುತ್ತಿದ್ದರೆ ಸುತ್ತ ಮರಳುಚೀಲಗಳ ಬಾವಿಕಟ್ಟೆ ಕಟ್ಟಿ ಒಳಗೆ ನೀರಿನ ಮಟ್ಟ ಏರಲು ಬಿಡುತ್ತಾರೆ. ಮಟ್ಟದ ವ್ಯತ್ಯಾಸ ಕಡಿಮೆಯಾದಷ್ಟೂ ವೇಗ ಕಡಿಮೆ. ಡಾರ್ಸಿಯ ನಿಯಮ ಇಲ್ಲಿಯೂ ಬಂತು.

ವಿದ್ಯಾರ್ಥಿಗಳಾದ ನಾವು ಈ ಕೆಲಸಕ್ಕೆ ಇಳಿಯಬಾರದು. ತುಂಬಿದ ಕೆರೆಯ ಅಂಚಿಗೆ ಒಬ್ಬರೇ ಹೋಗಬಾರದು, ಹರಿಯುವ ಕೋಡಿಯಲ್ಲಿ ನಿಂತು ಸೆಲ್ಫಿ ತೆಗೆಯಬಾರದು. ಪಾಚಿ ಹಿಡಿದ ಕಲ್ಲಿನ ಮೇಲೆ ಮೊಣಕಾಲೆತ್ತರದ ವೇಗದ ನೀರು ದೊಡ್ಡವರನ್ನೂ ಬೀಳಿಸುತ್ತದೆ.

ನಾವು ಮಾಡಬಹುದಾದ್ದು ಬೇರೆ. ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ. ಅದರ ಜೊತೆಗೆ ಒಂದು ದಿನವನ್ನು ಶಿಬಿರದ ಊರಿನ ಕೆರೆಗೆ ಕೊಡಬಹುದು. ಬೇಸಿಗೆಯಲ್ಲಿ ಕೋಡಿಯ ಕಸ ತೆಗೆಯಬಹುದು, ಏರಿಯ ಪೊದೆ ಸವರಬಹುದು, ತಗ್ಗು ಮತ್ತು ಬಿಲಗಳ ನಕ್ಷೆ ಬರೆದು ಪಂಚಾಯತಿಗೆ ಕೊಡಬಹುದು. ಆ ಊರಿನಲ್ಲಿ ಹಿಂದೆ ನೀರುಗಂಟಿಯಾಗಿದ್ದ ಹಿರಿಯರು ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ನಡೆಯಬಹುದು. ಯಾವ ಜಾಗದಲ್ಲಿ ಹಳೆಯ ಸೋರಿಕೆ, ಯಾವ ವರ್ಷ ಎಲ್ಲಿ ಒಡೆದಿತ್ತು ಎಂಬುದು ಯಾವ ಕಡತದಲ್ಲೂ ಇರದಿದ್ದರೂ ಅವರಿಗೆ ನೆನಪಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಸಾಕು.